ಗಾಜಿನ ಗೋಡೆಗೂ ಬಿಸಿಲು ಬೀಳುತ್ತದಲ್ಲ?

ನಮ್ಮ ಪಾವಗಡ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. 2018ರಿಂದ ಇಲ್ಲಿ ಸೋಲಾರ್ ಕರೆಂಟು ತಯಾರಾಗ್ತಿದೆ. ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆ ಅದಕ್ಕೆ ಹೋಯಿತು. ಗುತ್ತಿಗೆ ಶುರುವಾದದ್ದು ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಗೆ. ನನ್ನ ಹೊಲ ಅದರಲ್ಲಿಲ್ಲ. ಮಳೆ ಕೈಕೊಟ್ಟ ಕಡ್ಲೇಕಾಯಿಗಿಂತ ಇದೇ ವಾಸಿ ಅಂದವರನ್ನು ಬೈಯಲಾರೆ. ಆದರೆ ದುಡ್ಡು ಪಹಣಿ ಇದ್ದವರಿಗೆ. ಕಳೆ ಕೀಳುತ್ತಿದ್ದ ಹೆಣ್ಣಾಳುಗಳಿಗೆ, ಕುರಿ ಮೇಯಿಸುವವರಿಗೆ ಏನು ಸಿಕ್ಕಿತು?

ಈಗ ಕಟ್ಟಡದ ಗಾಜಿನಲ್ಲೇ ಕರೆಂಟು ತೆಗೆಯುವ ವಿದ್ಯೆ ಬಂದಿದೆ. ಎರಡು ಗಾಜಿನ ನಡುವೆ ಕೂದಲೆಳೆಗಿಂತ ತೆಳುವಾದ ಲೇಪನ. ಅದರಲ್ಲಿ ಸಣ್ಣ ಸಣ್ಣ ಗೀರು ಬಿಟ್ಟರೆ ಒಳಗೆ ಬೆಳಕೂ ಬರುತ್ತದೆ. ಬೆಳಕು ಹೆಚ್ಚು ಬಿಟ್ಟಷ್ಟೂ ಕರೆಂಟು ಕಡಿಮೆ, ನೆಟ್ಟಗೆ ನಿಂತ ಗೋಡೆಗೆ ಹೊಲದಷ್ಟು ಬಿಸಿಲು ಬೀಳದು, ಬೆಲೆಯೂ ಜಾಸ್ತಿ. ಒಪ್ಪಿದೆ.

ಆದರೂ ಬೆಂಗಳೂರಿನ ಗಾಜಿನ ಕಟ್ಟಡಗಳನ್ನು ನೋಡಿ. ಬಿಸಿಲನ್ನು ಒಳಕ್ಕೆ ಬಿಟ್ಟುಕೊಳ್ಳುವುದು, ಆ ಸೆಕೆಗೆ ಎ.ಸಿ. ಹಾಕುವುದು, ಕರೆಂಟಿಗೆ ನಮ್ಮಂಥವರ ಹೊಲ! ಈ ಗಾಜಾದರೆ ಸೆಕೆಯನ್ನೂ ಒಂದಿಷ್ಟು ತಡೆಯುತ್ತದೆ. ಇನ್ನೊಂದು ಊರಿನ ಹೊಲ ಕೇಳುವ ಮೊದಲು, ಹೊಸದಾಗಿ ಗಾಜಿನ ಕಟ್ಟಡ ಕಟ್ಟುವವರು ಸ್ವಲ್ಪವಾದರೂ ಕರೆಂಟು ಅಲ್ಲೇ ಮಾಡಿಕೊಳ್ಳಬೇಕು ಅಂತ ಸರಕಾರ ಹೇಳಲಿ.