ಒಂದು ಚಮಚ ಸೋಯಾ ಸಾಸ್

‘ಸ್ವಲ್ಪ ತಿನ್ನೇ, ಏನೂ ಆಗಲ್ಲ’ ಎಂಬ ನೆಂಟರ ಒತ್ತಾಯ ಕೇಳಿ ಕೇಳಿ ನನಗೆ ಸಾಕಾಗಿದೆ. ನನ್ನ ತಂಗಿಗೆ ಸೀಲಿಯಾಕ್ ಕಾಯಿಲೆ. ಗೋಧಿಯ ಗ್ಲುಟೆನ್ ಒಳಗೆ ಹೋದರೆ ಅವಳ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಸಣ್ಣ ಕರುಳನ್ನು ಹಾಳುಮಾಡುತ್ತದೆ. ಇದು ಡಯೆಟ್ ಶೋಕಿಯಲ್ಲ.

ಚಿಕನ್, ತರಕಾರಿ, ಅನ್ನ. ಚೈನೀಸ್ ಅಡುಗೆಯಲ್ಲಿ ಗೋಧಿ ಎಲ್ಲಿದೆ ಎನ್ನುತ್ತಾರೆ. ಸೋಯಾ ಸಾಸಿನಲ್ಲಿದೆ! ಅದನ್ನು ಸಾಮಾನ್ಯವಾಗಿ ಸೋಯಾ ಕಾಳಿನ ಜೊತೆ ಗೋಧಿಯನ್ನೂ ಹುದುಗಿಸಿ ಮಾಡುತ್ತಾರೆ. ನಮ್ಮ ಬೀದಿಯ ಗೋಬಿ ಮಂಚೂರಿಗೆ ಮೈದಾ ಬೇರೆ.

ಹಾಗೆಂದು ಅವಳು ಬಾಯಿ ಕಟ್ಟಿಕೊಂಡು ಕೂರಬೇಕೆ? ಚಿಕನ್‌ಗೆ ಮೊಟ್ಟೆಯ ಬಿಳಿಭಾಗ, ಕಾರ್ನ್‌ಫ್ಲೋರ್ ಹಚ್ಚುವುದು ಚೀನೀ ಬಾಣಸಿಗರದೇ ಪದ್ಧತಿ. ಆಮೇಲೆ ಜೋರು ಉರಿಯಲ್ಲಿ ಶುಂಠಿ, ಬೆಳ್ಳುಳ್ಳಿ, ಬೀನ್ಸ್, ಕ್ಯಾಪ್ಸಿಕಂ. ಕೊನೆಗೆ ಗ್ಲುಟೆನ್ ಇಲ್ಲವೆಂದು ಲೇಬಲ್ ಇರುವ ತಮಾರಿ ಸಾಸ್. ಹತ್ತು ನಿಮಿಷದ ಕೆಲಸ. ಚಪಾತಿ ಹಿಟ್ಟು ಮೆತ್ತಿದ ಕೈ, ಸೌಟು ಮಾತ್ರ ಅತ್ತ ಸುಳಿಯಬಾರದು.

ಹಾಗೆ ಲೇಬಲ್ ಹಾಕಲು ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು ಎನ್ನುತ್ತದೆ ನಮ್ಮ ದೇಶದ ನಿಯಮ. ಕಾನೂನೇ ಇಷ್ಟು ಸಣ್ಣ ಲೆಕ್ಕ ಇಡುವಾಗ ನಿಮ್ಮ ‘ಸ್ವಲ್ಪ’ಕ್ಕೆ ಅಳತೆ ಯಾವುದು? ಒತ್ತಾಯ ಮಾಡುವುದೇ ಉಪಚಾರವಲ್ಲ. ಬಡಿಸುವ ಮುಂಚೆ ಬಾಟಲಿಯ ಹಿಂಬದಿ ಓದಿ.