ಕೋಚ್ ಬದಲಾದರೆ ತಂಡ ಗೆಲ್ಲುತ್ತದೆಯೇ? ಅಮೆರಿಕನ್ ಫುಟ್‌ಬಾಲ್‌ನ ಐವರು ಕಾವಲುಗಾರರ ಕಥೆ

ತಂಡ ಸಾಲಾಗಿ ನಾಲ್ಕು ಪಂದ್ಯ ಸೋತರೆ ಸಾಕು, ಮೊಬೈಲ್‌ನಲ್ಲಿ ಒಂದೇ ಮಾತು ಸುತ್ತತೊಡಗುತ್ತದೆ: ‘ಮೊದಲು ಆ ಕೋಚ್‌ನ ಮನೆಗೆ ಕಳಿಸಿ!’ ಹೊಸಬರು ಬಂದ ಮೇಲೆ ಎರಡು ಪಂದ್ಯ ಗೆದ್ದರೆ ಅದೇ ಗುಂಪಿನಲ್ಲಿ ಮತ್ತೊಂದು ಮೆಸೇಜ್: ‘ನೋಡಿದಿರಾ, ನಾವು ಹೇಳಿರಲಿಲ್ವಾ?’

ಈ ಲೆಕ್ಕಾಚಾರ ಸರಿಯೇ? ಇದನ್ನು ಪರೀಕ್ಷಿಸಲು ಅಮೆರಿಕನ್ ಫುಟ್‌ಬಾಲ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಲ್ಲಿನ ದೊಡ್ಡ ಲೀಗ್ ಆದ ಎನ್ಎಫ್ಎಲ್‌ನಲ್ಲಿ 32 ತಂಡಗಳಿವೆ. ಋತು ಮುಗಿಯುತ್ತಿದ್ದಂತೆ ಹಲವು ಕೋಚ್‌ಗಳು ಕೆಲಸ ಕಳೆದುಕೊಳ್ಳುವುದು ಅಲ್ಲಿ ಪ್ರತಿವರ್ಷದ ಸುದ್ದಿ.

ಇದು ಯಾವ ಫುಟ್‌ಬಾಲ್?

ನಾವು ಕಾಲಿನಲ್ಲಿ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಒಂದೊಂದು ತಂಡದಲ್ಲಿ 11 ಮಂದಿ ಮೈದಾನದಲ್ಲಿರುತ್ತಾರೆ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ; ಅಷ್ಟರಲ್ಲಿ 10 ಗಜ, ಅಂದರೆ ಸುಮಾರು 9 ಮೀಟರ್ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ.

ಚೆಂಡು ಎಸೆಯುವವರು ಕ್ವಾರ್ಟರ್‌ಬ್ಯಾಕ್. ಪೋಸ್ಟರ್‌ನಲ್ಲಿ ಇರುವುದು ಅವರ ಮುಖವೇ. ಆದರೆ ಅವರ ಮುಂದೆ ಐದು ಜನ ಗೋಡೆಯಂತೆ ನಿಲ್ಲುತ್ತಾರೆ: ನಡುವೆ ಒಬ್ಬ ಸೆಂಟರ್, ಅವರ ಅಕ್ಕಪಕ್ಕ ಇಬ್ಬರು ಗಾರ್ಡ್, ತುದಿಗಳಲ್ಲಿ ಇಬ್ಬರು ಟ್ಯಾಕಲ್. ಇದೇ ಅಫೆನ್ಸಿವ್ ಲೈನ್. ಇವರಲ್ಲಿ ಬಹುತೇಕರ ತೂಕ 135 ಕಿಲೋಗೂ ಹೆಚ್ಚು. ಇವರು ಅಂಕ ಗಳಿಸುವುದು ತೀರಾ ಅಪರೂಪ. ನುಗ್ಗಿ ಬರುವ ಎದುರಾಳಿಗಳನ್ನು ಎರಡು, ಮೂರು ಸೆಕೆಂಡು ತಡೆದು ನಿಲ್ಲಿಸುವುದೇ ಇವರ ಮುಖ್ಯ ಕೆಲಸ. ಅಷ್ಟರೊಳಗೆ ಕ್ವಾರ್ಟರ್‌ಬ್ಯಾಕ್ ನೋಡಿ, ನಿರ್ಧರಿಸಿ ಚೆಂಡು ಎಸೆಯಬೇಕು.

ಕಬಡ್ಡಿಯಲ್ಲಿ ಕೈಕೈ ಹಿಡಿದು ನಿಂತ ಸರಪಳಿಯನ್ನು ನೆನಪಿಸಿಕೊಳ್ಳಿ. ಒಬ್ಬರ ಕೈ ಜಾರಿದರೂ ರೈಡರ್ ಪಾರು. ಇಲ್ಲಿಯೂ ಅಷ್ಟೇ. ನಾಲ್ವರು ಸರಿಯಾಗಿ ತಡೆದು ಐದನೆಯವರು ಎಡವಿದರೆ, ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ನೆಲಕ್ಕೆ ಬೀಳುತ್ತಾರೆ. ಇದನ್ನು ‘ಸ್ಯಾಕ್’ ಎನ್ನುತ್ತಾರೆ.

ಒಂದೇ ಕೋಚ್, ನಾಲ್ಕು ಫೈನಲ್

ಈಗ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡದ ಕಥೆ ನೋಡೋಣ. ಕೋಚ್ ಆ್ಯಂಡಿ ರೀಡ್, ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್. ಲೀಗ್‌ನ ಫೈನಲ್ ಪಂದ್ಯಕ್ಕೆ ಸೂಪರ್ ಬೌಲ್ ಎಂದು ಹೆಸರು. 2020ರ ಫೆಬ್ರುವರಿಯಲ್ಲಿ ಈ ಜೋಡಿ ಸೂಪರ್ ಬೌಲ್ ಗೆದ್ದಿತು.

ಒಂದು ವರ್ಷದ ನಂತರ, 2021ರ ಫೆಬ್ರುವರಿ 7ರಂದು, ಅದೇ ಕೋಚ್, ಅದೇ ಕ್ವಾರ್ಟರ್‌ಬ್ಯಾಕ್ ಮತ್ತೆ ಫೈನಲ್‌ನಲ್ಲಿ. ಟ್ಯಾಂಪಾ ಬೇ ಬಕನಿಯರ್ಸ್ ವಿರುದ್ಧ 31-9ರಿಂದ ಸೋತರು. ಒಂದೇ ಒಂದು ಟಚ್‌ಡೌನ್ ಕೂಡ ಬರಲಿಲ್ಲ.

ಏನು ಬದಲಾಗಿತ್ತು? ಹಿಂದಿನ ವರ್ಷದ ಫೈನಲ್‌ನಲ್ಲಿ ನಿಂತಿದ್ದ ಐವರ ಗೋಡೆಯಲ್ಲಿ ಮೂವರು ಇರಲಿಲ್ಲ. ಎರಡು ವಾರ ಹಿಂದಿನ ಪಂದ್ಯದಲ್ಲಿ ಎರಿಕ್ ಫಿಶರ್ ಅವರ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿದಿತ್ತು. ಮಿಚೆಲ್ ಶ್ವಾರ್ಟ್ಸ್ ಬೆನ್ನುನೋವಿನಿಂದ ತಿಂಗಳುಗಟ್ಟಲೆ ಹೊರಗಿದ್ದರು. ಮೂರನೆಯವರು ಲೊರಾನ್ ಡುವರ್ನೆ-ಟಾರ್ಡಿಫ್. ಇವರು ವೈದ್ಯಕೀಯ ಪದವೀಧರರು. ಕೋವಿಡ್ ಬಂದಾಗ ಆ ಋತುವಿನ ಆಟವನ್ನೇ ಬಿಟ್ಟು, ಕೆನಡಾದಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ದುಡಿಯಲು ಹೋದರು.

ಉಳಿದವರನ್ನು ಸ್ಥಾನ ಬದಲಿಸಿ ನಿಲ್ಲಿಸಬೇಕಾಯಿತು. ಬಲತುದಿಯಲ್ಲಿ ಆಡುತ್ತಿದ್ದವರು ಎಡತುದಿಗೆ ಬಂದರು. ಬಲಗೈ ಬ್ಯಾಟರ್‌ಗೆ ಫೈನಲ್ ದಿನ ಎಡಗೈಯಲ್ಲಿ ಆಡು ಎಂದಂತೆ. ಮಹೋಮ್ಸ್ ಎಸೆಯಲು ಹಿಂದೆ ಸರಿದ 56 ಸಲಗಳಲ್ಲಿ 29 ಸಲ ಎದುರಾಳಿಗಳು ಅವರ ಮೇಲೆ ಒತ್ತಡ ತಂದರು. ಅದು ಸೂಪರ್ ಬೌಲ್ ದಾಖಲೆ.

ಚೀಫ್ಸ್ ಕೋಚ್‌ನ್ನು ತೆಗೆಯಲಿಲ್ಲ, ಗೋಡೆಯನ್ನು ಮರುಕಟ್ಟಿತು. ಅದೇ ವರ್ಷ ಜೋ ಥೂನಿ, ಒರ್ಲ್ಯಾಂಡೊ ಬ್ರೌನ್, ಕ್ರೀಡ್ ಹಂಫ್ರಿ, ಟ್ರೇ ಸ್ಮಿತ್ ತಂಡ ಸೇರಿದರು. 2023ರ ಫೆಬ್ರುವರಿ 12ರ ಫೈನಲ್‌ನಲ್ಲಿ ಎದುರಿಗಿದ್ದದ್ದು ಫಿಲಡೆಲ್ಫಿಯಾ ಈಗಲ್ಸ್. ಆ ಋತುವಿನ ಲೀಗ್ ಪಂದ್ಯಗಳಲ್ಲಿ 70 ಸ್ಯಾಕ್ ಮಾಡಿದ್ದ ತಂಡ ಅದು. ಆ ದಿನ ಮಹೋಮ್ಸ್ ಮೇಲೆ ಅವರು ಮಾಡಿದ ಸ್ಯಾಕ್ ಸೊನ್ನೆ. ಚೀಫ್ಸ್ 38-35ರಿಂದ ಗೆದ್ದಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2025ರ ಫೆಬ್ರುವರಿ 9ರಂದು ಇದೇ ಎರಡು ತಂಡ ಮತ್ತೆ ಮುಖಾಮುಖಿಯಾದವು. ಈ ಸಲ ಎಡತುದಿಗೆ ಸರಿಯಾದ ಆಟಗಾರ ಸಿಗದೆ ಗಾರ್ಡ್ ಆಗಿದ್ದ ಥೂನಿಯವರನ್ನೇ ಅಲ್ಲಿ ನಿಲ್ಲಿಸಲಾಗಿತ್ತು. ಮಹೋಮ್ಸ್ ಆರು ಸಲ ಸ್ಯಾಕ್ ಆದರು, ಈಗಲ್ಸ್ 40-22ರಿಂದ ಗೆದ್ದಿತು. ನಾಲ್ಕೂ ಫೈನಲ್‌ಗಳಲ್ಲಿ ಕೋಚ್ ಒಬ್ಬರೇ.

ಹಾಗಾದರೆ ಕೋಚ್ ತಪ್ಪೇ ಇಲ್ಲವೇ?

ಇದೆ. ಗೋಡೆ ದುರ್ಬಲ ಎಂದು ಗೊತ್ತಾದಾಗ ಕೋಚ್ ಮಾಡಬಹುದಾದ ಕೆಲಸಗಳಿವೆ. ಚೆಂಡನ್ನು ಬೇಗ, ಹತ್ತಿರಕ್ಕೆ ಎಸೆಯುವ ಯೋಜನೆ ಹಾಕಬಹುದು. ತಡೆಯಲು ಆರನೆಯವರನ್ನು ಇಟ್ಟುಕೊಳ್ಳಬಹುದು. ಎಸೆತ ಕಡಿಮೆ ಮಾಡಿ ಓಟ ಹೆಚ್ಚಿಸಬಹುದು. 2021ರ ಸೋಲಿನ ನಂತರ ರೀಡ್ ಅವರ ಮೇಲೆ ಬಂದ ಟೀಕೆಯೂ ಇದೇ: ಯೋಜನೆಯನ್ನು ಸಾಕಷ್ಟು ಬದಲಿಸಲಿಲ್ಲ. ಆ ಟೀಕೆಯಲ್ಲಿ ಹುರುಳಿದೆ. ಆದರೆ ಯೋಜನೆಯಲ್ಲಿನ ತಪ್ಪು ಬೇರೆ, ಆಟಗಾರರ ಕೊರತೆ ಬೇರೆ. ಎರಡನ್ನೂ ಒಬ್ಬರ ತಲೆಗೆ ಕಟ್ಟಿ ಕಳಿಸಿದರೆ ಗೋಡೆಯ ಬಿರುಕು ಹಾಗೇ ಉಳಿಯುತ್ತದೆ.

ಆ ಬಿರುಕಿಗೆ ಬೆಲೆ ತೆರುವುದು ಮನುಷ್ಯರ ದೇಹ. ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ ಆ್ಯಂಡ್ರ್ಯೂ ಲಕ್ 2012ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಪ್ರತಿಭೆ. ವರ್ಷಗಟ್ಟಲೆ ಹೊಡೆತ ತಿಂದರು. ಮೂತ್ರಪಿಂಡಕ್ಕೆ ಗಾಯವಾಯಿತು, ಭುಜಕ್ಕೆ ಶಸ್ತ್ರಚಿಕಿತ್ಸೆ ಆಯಿತು, 2017ರ ಇಡೀ ಋತು ಆಡಲಾಗಲಿಲ್ಲ. 2019ರಲ್ಲಿ, ಬರೀ 29ನೇ ವಯಸ್ಸಿಗೆ ನಿವೃತ್ತರಾದರು.

ಕೋಚ್ ಬದಲಾದ ಮೇಲೆ ಗೆಲುವು ಬರುವುದೇಕೆ?

‘ಆದರೆ ಹೊಸ ಕೋಚ್ ಬಂದ ಮೇಲೆ ತಂಡ ಗೆದ್ದದ್ದನ್ನು ನಾವೇ ನೋಡಿದ್ದೇವಲ್ಲ?’ ನೋಡಿರುತ್ತೀರಿ, ಸುಳ್ಳಲ್ಲ. ಅದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಒಂದು ವಿವರಣೆ ಇದೆ: ಸರಾಸರಿಯತ್ತ ಮರಳುವಿಕೆ.

ಯಾವುದೇ ತಂಡದ ಫಲಿತಾಂಶದಲ್ಲಿ ಸಾಮರ್ಥ್ಯದ ಜೊತೆ ಅದೃಷ್ಟವೂ ಸೇರಿರುತ್ತದೆ. ಗಾಯ, ಹವಾಮಾನ, ಒಂದು ಅಂಪೈರ್ ತೀರ್ಪು. ಎಲ್ಲವೂ ಒಟ್ಟಿಗೆ ಕೈಕೊಟ್ಟಾಗ ತಂಡ ತಳ ಮುಟ್ಟುತ್ತದೆ. ಕೋಚ್‌ನ್ನು ತೆಗೆಯುವುದೂ ಆಗಲೇ. ಅಂಥ ಕೆಟ್ಟ ಕಾಲ ಸಾಮಾನ್ಯವಾಗಿ ಹಾಗೇ ಮುಂದುವರಿಯುವುದಿಲ್ಲ. ತಂಡ ತನ್ನ ಎಂದಿನ ಮಟ್ಟಕ್ಕೆ ಬರುತ್ತದೆ, ಹೆಸರು ಹೊಸಬರಿಗೆ.

ನೆದರ್‌ಲ್ಯಾಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ಅಲ್ಲಿನ ಫುಟ್‌ಬಾಲ್ ತಂಡಗಳನ್ನು (ನಾವು ಆಡುವ ಫುಟ್‌ಬಾಲ್) ಹೀಗೆಯೇ ಹೋಲಿಸಿದರು. ಕೋಚ್‌ನ್ನು ತೆಗೆದ ತಂಡಗಳು ಚೇತರಿಸಿಕೊಂಡವು. ಅಷ್ಟೇ ಕೆಟ್ಟದಾಗಿ ಆಡಿಯೂ ಕೋಚ್‌ನ್ನು ಉಳಿಸಿಕೊಂಡ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡವು. ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ತೀರಾ ಹಿಂದುಳಿದ ತಂಡಗಳಿಗೆ ಕೋಚ್ ಬದಲಾವಣೆಯಿಂದ ಹೆಚ್ಚೇನೂ ಲಾಭವಾಗಲಿಲ್ಲ. ಕೋಚ್‌ನ್ನು ಬದಲಿಸಿದ ಮಧ್ಯಮ ಮಟ್ಟದ ತಂಡಗಳು ನಂತರದ ವರ್ಷಗಳಲ್ಲಿ, ಕೋಚ್‌ನ್ನು ಉಳಿಸಿಕೊಂಡ ಅಂಥದೇ ತಂಡಗಳಿಗಿಂತ ಕೆಟ್ಟದಾಗಿ ಆಡಿದವು.

ಇದು ಆಟಕ್ಕಷ್ಟೇ ಅಲ್ಲ

ಇದೇ ತಪ್ಪು ಲೆಕ್ಕ ನಮ್ಮ ಮನೆಯ ಔಷಧಿಯಲ್ಲೂ ಇದೆ. ನೆಗಡಿ ಜೋರಾದ ದಿನವೇ ಕಷಾಯ ಕುಡಿಯುತ್ತೇವೆ. ಅದು ಹೇಗೂ ಒಂದು ವಾರ, ಹತ್ತು ದಿನದಲ್ಲಿ ಇಳಿಯುವಂಥದ್ದು. ಹೆಸರು ಕಷಾಯಕ್ಕೆ.

ನೆಗಡಿಯಲ್ಲಿ ಇದರಿಂದ ನಷ್ಟವಿಲ್ಲ. ಡೆಂಗಿಯಲ್ಲಿ ಹಾಗಲ್ಲ. ಪ್ಲೇಟ್‌ಲೆಟ್ ತಳ ಮುಟ್ಟಿದಾಗ ಪಪ್ಪಾಯಿ ಎಲೆ ರಸ ಕೊಟ್ಟು, ಮರುದಿನ ಏರಿದರೆ ‘ರಾಮಬಾಣ’ ಎಂದು ಫಾರ್ವರ್ಡ್ ಮಾಡುತ್ತೇವೆ. ಹೆಚ್ಚಿನವರಲ್ಲಿ ಅದು ಕೆಲವು ದಿನ ಇಳಿದು ತಾನಾಗಿಯೇ ಏರುತ್ತದೆ. ರಸವನ್ನು ನಂಬಿ ಆಸ್ಪತ್ರೆ ತಡಮಾಡಿದರೆ ಅಪಾಯ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಹೆಚ್ಚು ಎಚ್ಚರದ ಸಮಯ. ಆಗ ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ ಕಂಡರೆ ಕೂಡಲೇ ವೈದ್ಯರ ಬಳಿ ಹೋಗಬೇಕು.

ಹಾಗಾಗಿ ‘ಇದನ್ನು ಮಾಡಿದರು, ಅದು ಸರಿಹೋಯಿತು’ ಎಂಬ ಮೆಸೇಜ್ ಬಂದಾಗ, ಕಳಿಸುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ. ಏನೂ ಮಾಡದಿದ್ದರೂ ಅದು ಸರಿಹೋಗುತ್ತಿತ್ತೇ? ನಮ್ಮ ಕಣ್ಣಿಗೆ ಬೀಳದ ಐದು ಜನ ಎಲ್ಲಾದರೂ ನಿಂತಿದ್ದಾರೆಯೇ?

ನಂಬಿಕೆ: ಕೋಚ್‌ನ್ನು ಬದಲಿಸಿದರೆ ಸೋಲುವ ತಂಡ ಗೆಲ್ಲುತ್ತದೆ.
ವಾಸ್ತವ: ಕೆಲವೊಮ್ಮೆ ಹೌದು. ಆದರೆ ಚೇತರಿಕೆಯ ದೊಡ್ಡ ಪಾಲು ಹೇಗೂ ಬರುವಂಥದ್ದು. ಗೋಡೆ ಬಿರುಕು ಬಿಟ್ಟಿದ್ದರೆ, ಯಾರೇ ಕೋಚ್ ಆಗಿ ಬಂದರೂ ಮೊದಲು ಸರಿಮಾಡಬೇಕಾದದ್ದು ಅದನ್ನೇ.