ಒಣಗಿಸುವುದಕ್ಕೂ ನೀರು ಬೇಕಂತೆ!

ಕುಂಟೆ ಎಂದರೆ ನೀರು ನಿಲ್ಲುವ ತಗ್ಗು. ಹೆಸರಿನಲ್ಲೇ ನೀರನ್ನಿಟ್ಟುಕೊಂಡಿರುವ ಕೋಣನಕುಂಟೆಯಲ್ಲಿ ಮನೆ ಮಾಡಿ, ಬೆಳಗೆದ್ದರೆ ಟ್ಯಾಂಕರಿನ ಹಾರನ್ನಿಗೆ ಕಿವಿಗೊಡುವ ಗೃಹಸ್ಥ ನಾನು. ಬಟ್ಟೆ ಒಗೆದು ಒಣಗಿಸುವ ಒಂದು ಯಂತ್ರವನ್ನು ನನಗೆ ಮಾರಿದವರು, ಅದು ಕೆಟ್ಟಾಗ ರಿಪೇರಿಗೆಂದು ಬಂದವರು, ಅದರ ಹೊಟ್ಟೆಯೊಳಗೆ ಏನು ನಡೆಯುತ್ತದೆಂದು ಒಂದು ಮಾತನ್ನೂ ಬಾಯಿಬಿಡಲಿಲ್ಲವಲ್ಲ, ಅದೇ ನನ್ನ ತಕರಾರು. ಕೇಳದೆ ಸುಮ್ಮನಿದ್ದು, ಕೊನೆಗೆ ತಪ್ಪನ್ನು ಬಡವರ ತಲೆಗೆ ಕಟ್ಟಿದ ನನ್ನ ಮೇಲೂ ತಕರಾರಿದೆ. ಅದನ್ನೂ ಹೇಳುತ್ತೇನೆ.

ವಾಷರ್-ಡ್ರೈಯರ್ ಎಂಬ ಈ ಅತಿಥಿ ನಮ್ಮ ಮನೆಗೆ ಬಂದದ್ದು ಅಪಾರ್ಟ್‌ಮೆಂಟಿನ ಸಂಘದ ಕೃಪೆಯಿಂದ. 2021ರ ಜನವರಿಯಲ್ಲಿ ಕನಕಪುರ ರಸ್ತೆಯ ಮೇಲೆ ಮೆಟ್ರೋ ಮುಂದುವರಿದು ಕೋಣನಕುಂಟೆ ಕ್ರಾಸಿನಲ್ಲಿ ನಿಲ್ದಾಣವಾಯಿತಲ್ಲ, ಅಲ್ಲಿಂದ ನಮ್ಮ ಸಂಘಕ್ಕೆ ಕಟ್ಟಡದ ಅಂದಚೆಂದದ ಚಿಂತೆ ಹತ್ತಿಕೊಂಡಿತು. ಬಾಲ್ಕನಿಯಲ್ಲಿ ಬಟ್ಟೆ ಹರವಬಾರದೆಂದು ಸುತ್ತೋಲೆ ಬಂತು. ತಾರಸಿಗೆ ಮೊದಲೇ ಬೀಗ. ಪುಕ್ಕಟೆ ಸಿಗುವ ಬಿಸಿಲಿಗೆ ಬೇಲಿ ಹಾಕಿದ ಮೇಲೆ, ಕಾಸು ಕೊಟ್ಟು ಬಿಸಿಲನ್ನು ಕೊಳ್ಳದೆ ವಿಧಿಯೇನು? ಅಂಗಡಿಯ ಹುಡುಗ, “ಬಟ್ಟೆ ಹಾಕಿ ಮರೆತುಬಿಡಿ ಸಾರ್, ಮಡಿಸಿಡೋ ಹಾಗೆ ಹೊರಗೆ ಬರತ್ತೆ” ಎಂದ. ನಾನು ಮರೆತೇಬಿಟ್ಟೆ. ಮೂರು ವರ್ಷ ಅದು ಮಡಿಸಿಡುವ ಹಾಗೆಯೇ ಕೊಟ್ಟಿತು.

ನಾಲ್ಕನೆಯ ವರ್ಷ ಬಟ್ಟೆ ಒಣಗದಾಯಿತು. ಮೂರು ಗಂಟೆ ಗುಂಯ್‌ಗುಟ್ಟಿ ಬಾಗಿಲು ತೆರೆದರೆ ಒಳಗಿನಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ. ಬಟ್ಟೆ ಸುಡುವಷ್ಟು ಬಿಸಿ, ಹಿಂಡಿದರೆ ತೊಟ್ಟಿಕ್ಕುವಷ್ಟು ಒದ್ದೆ. ಮನೆಗೆಲಸಕ್ಕೆ ಬರುವ ಹೆಂಗಸಿನ ಮೇಲೆ ನಾನು ರೇಗಿದೆ. “ಮೂಟೆಗಟ್ಟಲೆ ತುರುಕಿದರೆ ಇನ್ನೇನಾಗತ್ತೆ?” ಆಕೆ ತಲೆ ತಗ್ಗಿಸಿಕೊಂಡು, “ಒಣಗಿಸೋವಾಗ ಅರ್ಧ ಬಟ್ಟೆ ತೆಗೆದೇ ಹಾಕ್ತೀನಿ ಸಾರ್. ಮೊದಲೆಲ್ಲ ಒಣಗಿಸೋವಾಗ್ಲೂ ಆ ಪೈಪಲ್ಲಿ ನೀರು ಹೋಗ್ತಿತ್ತು, ಈಗ ಹೋಗ್ತಿಲ್ಲ” ಎಂದಳು. ಒಣಗಿಸುವಾಗ ನೀರೆಲ್ಲಿಂದ ಬರಬೇಕು, ಇವಳಿಗೇನು ಗೊತ್ತು ಎಂದುಕೊಂಡು ನಾನು ಆ ಮಾತನ್ನು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ.

ಕಂಪೆನಿಯ ಮೆಕ್ಯಾನಿಕ್ ಬಂದ. ಯಂತ್ರದ ಬೆನ್ನು ಬಿಚ್ಚಲಿಲ್ಲ, ನಲ್ಲಿ ಮುಟ್ಟಿ ನೋಡಲಿಲ್ಲ. ಎರಡು ಗುಂಡಿ ಒತ್ತಿ, “ಬೋರ್ಡು ಹೋಗಿದೆ” ಎಂದ. ಹೊಸ ಬೋರ್ಡಿಗೆ ಹದಿನಾಲ್ಕು ಸಾವಿರದ ಚಿಲ್ಲರೆ. ಅದಕ್ಕಿಂತ ಇದನ್ನು ಕೊಟ್ಟು ಹೊಸದನ್ನೇ ತೊಗೊಳ್ಳುವುದು ಲಾಭವೆಂದು ಹಿತವಚನ ಬೇರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ನಮ್ಮ ಹಿರಿಯರು ಯಾವ ಮೆಕ್ಯಾನಿಕ್ಕನ್ನು ನೋಡಿ ಕಟ್ಟಿದರೋ ಕಾಣೆ.

ಹಣ ಕೊಡುವ ಮುನ್ನ ಒಂದು ರಾತ್ರಿ ಕೈಪಿಡಿ ಹಿಡಿದು ಕೂತೆ. ಹಾಗೆ ಮಾಡಬೇಡಿ, ಹೀಗೆ ಮಾಡಬೇಡಿ ಎಂಬ ಎಚ್ಚರಿಕೆಗಳೇ ಅರ್ಧ ಪುಸ್ತಕ. ಒಗೆಯುವುದಕ್ಕೆ ಎಂಟು ಕಿಲೋ, ಒಣಗಿಸುವುದಕ್ಕೆ ಐದೇ ಕಿಲೋ ಎಂಬುದು ಒಂದು ಮೂಲೆಯಲ್ಲಿತ್ತು. ನಾನು ಓದದಿದ್ದ ಈ ಲೆಕ್ಕವನ್ನು ಆಕೆ ಓದದೆಯೇ ಕಂಡುಕೊಂಡಿದ್ದಳು! ಇನ್ನೊಂದು ಪುಟದಲ್ಲಿ, ‘ಒಣಗಿಸುವಾಗಲೂ ನಲ್ಲಿ ತೆರೆದಿರಲಿ’ ಎಂಬ ಒಂದೇ ಸಾಲು. ಯಾಕೆ ತೆರೆದಿರಬೇಕು, ಆ ನೀರು ಎಲ್ಲಿ ಹೋಗುತ್ತದೆ, ಎಷ್ಟು ಹೋಗುತ್ತದೆ, ಒಂದಕ್ಕೂ ಉತ್ತರವಿಲ್ಲ. ಆಗ ಪೈಪಿನ ಮಾತು ನೆನಪಾಗಿ ನನಗೆ ನಾಚಿಕೆಯಾಯಿತು.

ಸಂಗತಿ ಇಷ್ಟು. ಇಂಥ ಬಹಳಷ್ಟು ಯಂತ್ರಗಳಿಗೆ ಹಬೆಯನ್ನು ಹೊರಗೆ ಬಿಡುವ ಕೊಳವೆಯೇ ಇರುವುದಿಲ್ಲ. ಬಿಸಿಗಾಳಿ ಬಟ್ಟೆಯ ತೇವವನ್ನು ಹೀರಿ, ಹಬೆಯಾಗಿ ಹಿಂಬದಿಯ ಒಂದು ಗೂಡಿಗೆ ಹೋಗುತ್ತದೆ. ಅಲ್ಲಿ ತಣ್ಣೀರು ಸಣ್ಣ ಧಾರೆಯಾಗಿ ಇಳಿಯುತ್ತಿರುತ್ತದೆ. ಅನ್ನದ ಪಾತ್ರೆಯ ಮುಚ್ಚಳದಲ್ಲಿ ಹಬೆ ಹನಿಗಟ್ಟುವ ಹಾಗೆ, ತಂಪು ತಗುಲಿದ ಹಬೆ ನೀರಾಗಿ, ಆ ಧಾರೆಯ ಜತೆಗೇ ಹೊರಗೆ ಹೋಗುತ್ತದೆ. ಧಾರೆ ನಿಂತರೆ ಹಬೆ ಅಲ್ಲೇ ಸುತ್ತುತ್ತ ಬಟ್ಟೆಯನ್ನು ಬೇಯಿಸುತ್ತದೆ. ಒಗೆಯುವಾಗ ನೀರು ನಿಧಾನ ಬಂದರೂ ಯಂತ್ರ ತುಂಬುವ ತನಕ ಕಾಯುತ್ತದೆ; ಒಣಗಿಸುವ ಧಾರೆಯ ದಾರಿಯೋ ಸೂಜಿಗಣ್ಣಿನಷ್ಟು. 2024ರ ಬೇಸಗೆಯಲ್ಲಿ ನಮ್ಮ ಕೊಳವೆಬಾವಿ ಬತ್ತಿದ ಮೇಲೆ ಬಂದ ಟ್ಯಾಂಕರಿನ ಗಡಸುನೀರು ಆ ಸೂಜಿಗಣ್ಣಿಗೆ ಸುಣ್ಣ ಕಟ್ಟಿತ್ತು.

ಪ್ಲಗ್ಗು ಕಿತ್ತು, ನಲ್ಲಿ ಮುಚ್ಚಿ, ಪೈಪು ಸೇರುವಲ್ಲಿನ ಪುಟ್ಟ ಜಾಲರಿಯನ್ನು ಇಕ್ಕುಳದಿಂದ ಎಳೆದೆ. ಮರಳು, ಕೆಸರು, ಬಿಳಿಯ ಹೆಕ್ಕಳೆ. ನಿಂಬೆ ಉಪ್ಪಿನ ನೀರಿನಲ್ಲಿ ರಾತ್ರಿ ನೆನೆಹಾಕಿದೆ. ಒಳಗಿನ ವಾಲ್ವನ್ನು ನಾನು ಮುಟ್ಟಲಿಲ್ಲ. ಕ್ರಾಸಿನ ಬಳಿ ಮಿಕ್ಸಿ ರಿಪೇರಿ ಮಾಡುವವರು ಬಂದು ಬಿಚ್ಚಿ ತೊಳೆದು, ಹಿಂಬದಿಯ ಗೂಡಿನಿಂದ ಹಿಡಿಯಷ್ಟು ನೂಲಿನ ಜುಂಗು ತೆಗೆದು, ಮುನ್ನೂರೈವತ್ತು ರೂಪಾಯಿ ಪಡೆದರು. ಬಟ್ಟೆ ಒಣಗಿತು. ‘ಹೋಗಿದ್ದ’ ಬೋರ್ಡು ಇವತ್ತಿಗೂ ಕೆಲಸ ಮಾಡುತ್ತಿದೆ.

ಇಲ್ಲಿಗೆ ಕತೆ ಮುಗಿಸಿ ಜಾಣನೆನ್ನಿಸಿಕೊಳ್ಳಬಹುದಿತ್ತು. ಆದರೆ ಕುತೂಹಲಕ್ಕೆಂದು ಹೊರಹೋಗುವ ಪೈಪನ್ನು ಬಕೀಟಿಗೆ ಬಿಟ್ಟೆ. ಒಂದು ಸಲ ಒಣಗಿಸುವಷ್ಟರಲ್ಲಿ ಹದಿನೈದು ಲೀಟರಿನ ಬಕೀಟು ಮೂರು ತುಂಬಿತು. ಬಟ್ಟೆಯಲ್ಲಿದ್ದದ್ದು ಎರಡು ಮೂರು ಲೀಟರ್ ಇದ್ದೀತು, ಉಳಿದದ್ದೆಲ್ಲ ನಲ್ಲಿಯದು!

ಬೆಂಗಳೂರಿನ ನಲ್ಲಿಯ ನೀರೆಂದರೆ ಏನು? ಕಾವೇರಿಯನ್ನು ತೊರೆಕಾಡನಹಳ್ಳಿಯಲ್ಲಿ ಎತ್ತಿ, ಹಾರೋಹಳ್ಳಿಯಲ್ಲಿ ಮತ್ತೆ ಎತ್ತಿ, ನಮ್ಮದೇ ಕನಕಪುರ ರಸ್ತೆಯ ತಾತಗುಣಿಯಲ್ಲಿ ಮೂರನೆಯ ಸಲ ಎತ್ತಿ ತರುತ್ತಾರೆ; ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಸರಿಯೇ. ಅದೇ ತಿಂಗಳು ಒದ್ದೆ ಲುಂಗಿ ಒಣಗಿಸಲು ಬಕೀಟುಗಟ್ಟಲೆ ನೀರು ಚೆಲ್ಲುತ್ತಿದ್ದ ನಾನು, ಕಾರು ತೊಳೆಯುವ ಪಕ್ಕದ ಮನೆಯವರನ್ನು ದುರುಗುಟ್ಟಿ ನೋಡುತ್ತಿದ್ದೆ. ಮೇಲೆ ಮಾರ್ಚ್ ತಿಂಗಳ ಬಿಸಿಲು ಬೀಗ ಹಾಕಿದ ತಾರಸಿಯನ್ನು ಕಾಯಿಸುತ್ತಿತ್ತು!

ಯುರೋಪಿನಲ್ಲಿ 2021ರ ಮಾರ್ಚ್‌ನಿಂದ ವಾಷರ್-ಡ್ರೈಯರಿನ ಮೇಲೆ ಎರಡು ಅಂಕಿ ಅಂಟಿಸುತ್ತಾರೆ: ಬರೀ ಒಗೆಯಲು ಎಷ್ಟು ಲೀಟರ್, ಒಗೆದು ಒಣಗಿಸಲು ಎಷ್ಟು ಲೀಟರ್. ಬಿಡಿಭಾಗಗಳು ಆ ಮಾದರಿಯ ಮಾರಾಟ ನಿಂತ ಮೇಲೂ ಹತ್ತು ವರ್ಷ ಸಿಗಬೇಕೆಂಬ ಕಟ್ಟುಪಾಡೂ ಅಲ್ಲಿದೆ. ಅಲ್ಲಿ ಮಾರುವ ಹಲವು ಕಂಪೆನಿಗಳೇ ಇಲ್ಲಿಯೂ ಮಾರುತ್ತವೆ. ಅಲ್ಲಿ ಬಾಯಿಬಿಡುವವರು ಇಲ್ಲಿ ಮೌನವ್ರತ ಹಿಡಿಯುವುದೇಕೆ? ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಕೊಳ್ಳುವ ವಸ್ತುವಿನ ಗುಣಮಟ್ಟ, ಪ್ರಮಾಣ, ಬೆಲೆಗಳನ್ನು ತಿಳಿಯುವ ಹಕ್ಕನ್ನು ಕೊಟ್ಟಿದೆ. ‘ರಿಪೇರಿಯ ಹಕ್ಕು’ ಎಂದು ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಸಮಿತಿ ಮಾಡಿ, ಡಿಸೆಂಬರ್ 24ರ ಗ್ರಾಹಕ ದಿನದಂದು ಒಂದು ಜಾಲತಾಣವನ್ನೂ ತೆರೆಯಿತು. ಒಳ್ಳೆಯದು. ಆದರೆ ನನ್ನ ಮನೆಗೆ ಬಂದ ಮೆಕ್ಯಾನಿಕ್ಕಿನ ಚೀಲದಲ್ಲಿ ಆ ಹಕ್ಕು ಇರಲಿಲ್ಲ.

ಗಿರಾಕಿಗೆ ಇದೆಲ್ಲ ಯಾಕೆ, ಬಿಚ್ಚಿ ಶಾಕ್ ಹೊಡೆಸಿಕೊಂಡರೆ ಯಾರು ಹೊಣೆ ಎಂದು ಕೇಳುವವರಿದ್ದಾರೆ. ಗ್ಯಾಸ್ ಒಲೆಯ ಬರ್ನರನ್ನು ಸೂಜಿಯಿಂದ ಬಿಡಿಸುವ, ಕುಕ್ಕರಿನ ವಾಲ್ವನ್ನು ನೀರಿಗೆ ಹಿಡಿದು ನೋಡುವ ಗೃಹಿಣಿಯರ ನಾಡು ಇದು. ತಿಳಿಸಿಕೊಟ್ಟರೆ ಎಲ್ಲಿ ಕೈಹಾಕಬೇಕು, ಎಲ್ಲಿ ಹಾಕಬಾರದು ಎರಡೂ ನಮಗೆ ಗೊತ್ತಾಗುತ್ತದೆ. ಯಂತ್ರವೇ ಬೇಡ ಎಂಬುದೂ ನನ್ನ ವಾದವಲ್ಲ. ಮಳೆಗಾಲವಿದೆ, ಹಾಸಿಗೆ ಹಿಡಿದವರಿದ್ದಾರೆ, ಕೂಸುಗಳಿವೆ. ನೀರಿನ ಬದಲು ಗಾಳಿಯಿಂದಲೇ ಹಬೆಯನ್ನು ತಣಿಸುವ ಮಾದರಿಗಳೂ ಉಂಟು. ಯಾವುದು ಎಷ್ಟು ಕುಡಿಯುತ್ತದೆಂದು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಬರೆಯಲಿ; ಜಾಲರಿ ಎಲ್ಲಿದೆ, ಗೂಡು ಎಲ್ಲಿದೆ ಎಂದು ಒಂದು ಚಿತ್ರ ಹಾಕಲಿ. ಇಷ್ಟಕ್ಕೆ ಯಾವ ಕಂಪೆನಿಯೂ ಮುಳುಗಿಹೋಗುವುದಿಲ್ಲ. ಹಾಗೆಯೇ ನಮ್ಮ ಸಂಘಗಳು ತಾರಸಿಯ ಬೀಗ ತೆಗೆಯಲಿ. ಒಗೆದ ಸೀರೆ ಗಾಳಿಗೆ ಆಡಿದರೆ ಕಟ್ಟಡದ ಮಾನ ಹೋಗುವುದಿಲ್ಲ.

ಮಾರನೆಯ ದಿನ ಆಕೆ ಬಂದಾಗ, “ನೀನು ಹೇಳಿದ್ದೇ ಸರಿ, ಪೈಪಿನದ್ದೇ ತೊಂದರೆ. ನಾನು ಬೈದದ್ದು ತಪ್ಪಾಯಿತು” ಎಂದೆ. ಆಕೆ ಅದಕ್ಕೇನೂ ಹೇಳಲಿಲ್ಲ. ಸಾಲಾಗಿಟ್ಟಿದ್ದ ಮೂರು ಬಕೀಟುಗಳನ್ನು ನೋಡಿ, “ಇಷ್ಟು ನೀರು ಚೆಲ್ಲಬೇಡಿ ಸಾರ್, ನೆಲ ಒರೆಸೋಕಾಗತ್ತೆ” ಎಂದು ಒಂದನ್ನು ಎತ್ತಿಕೊಂಡು ಒಳಗೆ ಹೋದಳು. ತಾರಸಿಯ ಬೀಗದ ಬಗ್ಗೆ ಸಂಘಕ್ಕೆ ನಾನು ಬರೆದುಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.